ಚುಕ್ಕಿ ಆಪರೇಷನ್ನು, ಅಪ್ಪ ಹೇಳಿದ ಕಿವಿ ಓಲೆ, ನಾಯಿ ಇನ್ಶೂರೆನ್ಸು

ನಮ್ಮ ಚುಕ್ಕಿನ ನಾವು ದುಡ್ಡು ಕೊಟ್ಟು ತಂದಿದ್ದಲ್ಲ. 2020ರಲ್ಲಿ ಲಾಕ್‌ಡೌನ್ ಸ್ವಲ್ಪ ಸಡಿಲ ಆದಾಗ ನಮ್ಮ ರಸ್ತೆ ತುದಿಯ ನಂದಿನಿ ಬೂತ್ ಹಿಂದೆ ಖಾಲಿ ಕ್ರೇಟ್‌ಗಳ ಸಂದೀಲಿ ಮೂರು ಮರಿ ಇದ್ವು, ಎರಡನ್ನ ಯಾರೋ ತಗೊಂಡೋದ್ರು, ಉಳಿದದ್ದು ಇವಳು. ಕಂದು ಬಣ್ಣ, ಎಡಗಡೆ ಹಿಂಗಾಲಿನ ಮೇಲೆ ಐದು ರೂಪಾಯಿ ಕಾಯಿನ್ ಅಷ್ಟಗಲ ಬಿಳಿ ಮಚ್ಚೆ, ಅದಕ್ಕೇ ಚುಕ್ಕಿ. ಈ ಮಚ್ಚೆ ವಿಷ್ಯ ಆಮೇಲೆ ಇನ್ಶೂರೆನ್ಸ್ ಫಾರಂನಲ್ಲೂ ಬರುತ್ತೆ, ಅದಕ್ಕೆ ಈಗ್ಲೇ ಹೇಳಿದೆ.

ಮೊದಲ ಮೂರು ವರ್ಷ ಡಾಕ್ಟರ್ ಖರ್ಚು ಅಂತ ಹೇಳ್ಕೊಳೋ ಅಂಥದ್ದು ಏನೂ ಆಗಲಿಲ್ಲ. ವ್ಯಾಕ್ಸಿನ್, ಜಂತುಹುಳು ಮಾತ್ರೆ, ಮರಿ ಹಾಕದ ಹಾಗೆ ಆಪರೇಷನ್, ಅಷ್ಟೇ. ನಾಟಿ ನಾಯಿ ಗಟ್ಟಿ, ಕಾಯಿಲೆ ಬರಲ್ಲ ಅಂತ ಎಲ್ರೂ ಹೇಳ್ತಿದ್ರು, ನಾನೂ ಹಾಗೇ ನಂಬಿದ್ದೆ. 2023ರ ಆಗಸ್ಟ್‌ನಲ್ಲಿ ಅವಳು ಎರಡು ದಿನ ಊಟ ಬಿಟ್ಲು. ಮೂರನೇ ದಿನ ಮೂಗಲ್ಲಿ ಸಣ್ಣಗೆ ರಕ್ತ ಬಂತು, ಬಾಯಿ ಬಿಡಿಸಿ ನೋಡಿದ್ರೆ ವಸಡು ಬೆಳ್ಳಗೆ ಸುಣ್ಣ ಬಳಿದ ಗೋಡೆ ಥರ ಇತ್ತು. ಡಾಕ್ಟರು ಅವಳ ಕಿವಿ ಮಡಚಿ ಒಳಗಡೆ ತೋರಿಸಿದ್ರು, ಕಡಲೆಕಾಳು ಗಾತ್ರದ ಒಂದು ಉಣ್ಣೆ, ಪಕ್ಕದಲ್ಲಿ ಸಾಸಿವೆ ಕಾಳಿನ ಥರ ನಾಲ್ಕೈದು ಮರಿ ಉಣ್ಣೆ. ವಾರಕ್ಕೊಂದ್ಸಲ ಸ್ನಾನ ಮಾಡಿಸಿ ಬಾಚ್ತಿದ್ದೆ, ಆದ್ರೆ ಕಿವಿ ಒಳಗೆ, ಬೆರಳ ಸಂದೀಲಿ ನೋಡಿರಲಿಲ್ಲ.

ಟಿಕ್ ಫೀವರ್. ಎರ್ಲಿಕಿಯಾ ಅಂತಾರೆ, ಉಣ್ಣೆ ಕಚ್ಚಿದಾಗ ರಕ್ತಕ್ಕೆ ಬರೋ ಬ್ಯಾಕ್ಟೀರಿಯಾ. ನಾಯಿಗೆ ಪ್ಲೇಟ್‌ಲೆಟ್ ಸಾಮಾನ್ಯವಾಗಿ 2 ಲಕ್ಷದಿಂದ 5 ಲಕ್ಷ ಇರ್ಬೇಕು, ಇವಳದ್ದು 38 ಸಾವಿರಕ್ಕೆ ಇಳಿದಿತ್ತು. ಐದು ದಿನ ಬೆಳಗ್ಗೆ ಕರ್ಕೊಂಡೋಗಿ ಡ್ರಿಪ್ ಹಾಕ್ಸಿ ಮಧ್ಯಾಹ್ನ ಮನೆಗೆ ಕರ್ಕೊಂಡು ಬರೋದು, ಜೊತೆಗೆ ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ. ಖಾಲಿ ಹೊಟ್ಟೆಗೆ ಕೊಟ್ರೆ ವಾಂತಿ ಮಾಡ್ತಾಳೆ, ಹಾಲು ಮೊಸರಿನ ಜೊತೆ ಕೊಟ್ರೆ ಔಷಧಿ ಸರಿಯಾಗಿ ಹಿಡಿಯಲ್ಲ, ಹಾಗಾಗಿ ಅನ್ನ ಮತ್ತೆ ಬೇಯಿಸಿದ ಚಿಕನ್ ಉಂಡೆ ಮಾಡಿ ಅದರ ನಡುವೆ ಮಾತ್ರೆ ಇಟ್ಟು ನುಂಗಿಸ್ತಿದ್ವಿ. ಹತ್ತನೇ ದಿನಕ್ಕೆ ಲವಲವಿಕೆಯಿಂದ ಓಡಾಡೋಕೆ ಶುರು ಮಾಡಿದ್ಲು. ಆದ್ರೆ ಡಾಕ್ಟರು 28 ದಿನ ಅಂದ್ರೆ 28 ದಿನ, ಒಂದು ದಿನ ಕಮ್ಮಿ ಮಾಡಬೇಡಿ ಅಂತ ಗಟ್ಟಿಯಾಗಿ ಹೇಳಿದ್ರು, ಮಾಡಲಿಲ್ಲ.

ಬಿಲ್‌ಗಳನ್ನೆಲ್ಲ ಒಂದು ಕವರಲ್ಲಿ ಹಾಕಿಟ್ಟಿದ್ದೆ, ತಿಂಗಳ ಕೊನೆಗೆ ಕೂಡಿಸಿ ನೋಡಿದೆ. ನಾಲ್ಕು ಸಲ ಕನ್ಸಲ್ಟೇಷನ್ 2,400, ಮೂರು ಸಲ ರಕ್ತ ಪರೀಕ್ಷೆ 2,100, ಯಾವ ರೋಗಾಣು ಅಂತ ನೋಡೋ ಪಿಸಿಆರ್ ಟೆಸ್ಟು 4,200, ಐದು ದಿನದ ಡ್ರಿಪ್ 5,500, ಔಷಧಿ 2,860, ಮತ್ತೆ ಉಣ್ಣೆ ಬರದ ಹಾಗೆ ಮೂರು ತಿಂಗಳಿಗೊಂದು ಕೊಡೋ ಮಾತ್ರೆ 2,100. ಒಟ್ಟು 19,160 ರೂಪಾಯಿ. ಆ ತಿಂಗಳು ಮಗಳ ಸ್ಕೂಲ್ ಫೀಸ್ ಕಂತೂ ಇತ್ತು, ನಾನು ಸಾಲ ಮಾಡಲಿಲ್ಲ ಆದ್ರೆ ಚೀಟಿ ಕಟ್ಟೋ ದುಡ್ಡನ್ನ ತೆಗೆದೆ. ದುಡ್ಡು ಹೋಗಿದ್ದಕ್ಕಿಂತ ನನ್ನನ್ನ ಕಾಡಿದ್ದು ಆ ಮೂರನೇ ದಿನ ರಿಸೆಪ್ಷನ್‌ನಲ್ಲಿ ನಿಂತು "ಪಿಸಿಆರ್ ಬೇಕೇ ಬೇಕಾ" ಅಂತ ನಾನು ಕೇಳಿದ್ದು. ಪ್ರಾಣಿ ಒಳಗೆ ಡ್ರಿಪ್ ಹಾಕ್ಕೊಂಡು ಮಲಗಿದೆ, ನಾನು ಹೊರಗೆ ಲೆಕ್ಕ ಹಾಕ್ತಿದ್ದೀನಿ. ಇನ್ನೊಂದ್ಸಲ ಹಂಗೆ ನಿಂತ್ಕೋಬಾರದು ಅಂತ ಅವತ್ತೇ ಅಂದ್ಕೊಂಡೆ.

ಅಪ್ಪನಿಗೆ ಫೋನಲ್ಲಿ ಇನ್ಶೂರೆನ್ಸ್ ಮಾಡಿಸ್ತೀನಿ ಅಂದೆ. ಅಪ್ಪ ಇರೋದು ಮದ್ದೂರು ಹತ್ರ ಹಳ್ಳೀಲಿ, ಈಗ್ಲೂ ಎರಡು ಹಸು ಕಟ್ಟಿದ್ದಾರೆ, ಡೇರಿಗೆ ಹಾಲು ಹಾಕ್ತಾರೆ. ಅವರಿಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ. "ಮಾಡ್ಸು ಕಣವ್ವ, ಹಸುಗೆ ಮಾಡ್ಸಲ್ವಾ ನಾವು. ಆದ್ರೆ ಮೊದ್ಲು ಓಲೆ ಹಾಕ್ಸು. ಓಲೆ ಇಲ್ದಿದ್ರೆ ಕ್ಲೇಮ್ ಇಲ್ಲ" ಅಂದ್ರು. ಹಸುಗೆ ಕಿವೀಲಿ ಹಾಕೋ ಹಳದಿ ಟ್ಯಾಗ್, ಅದಕ್ಕೆ ನಮ್ಮ ಕಡೆ ಓಲೆ ಅಂತಾರೆ, ಅದರ ಮೇಲೆ 12 ಅಂಕಿ ನಂಬರ್ ಇರುತ್ತೆ. ನಾನು ಪಿಯುಸಿ ಓದ್ತಿದ್ದಾಗ ನಮ್ಮ ಗೌರಿ ಅನ್ನೋ ಹಸು ಹೊಟ್ಟೆ ಉಬ್ಬರ ಬಂದು ಸತ್ತೋಯ್ತು, ಆಗಿನ ಟ್ಯಾಗ್ ಬೇಲಿಗೆ ಸಿಕ್ಕಿ ಕಿತ್ತೋಗಿ ಎರಡು ತಿಂಗಳಾಗಿತ್ತು, ಅಪ್ಪ ಹೊಸದು ಹಾಕ್ಸಿರಲಿಲ್ಲ. ಪ್ರೀಮಿಯಂ ಕಟ್ಟಿದ್ರೂ ಒಂದು ರೂಪಾಯಿ ಬರಲಿಲ್ಲ. ಸತ್ತಿದ್ದು ಇನ್ಶೂರೆನ್ಸ್ ಮಾಡ್ಸಿದ ಹಸುನೇ ಅಂತ ತೋರಿಸೋಕೆ ಏನೂ ಇರಲಿಲ್ಲ. ಅಪ್ಪನಿಗೆ ಅದು ಇವತ್ತಿಗೂ ಮರೆತಿಲ್ಲ.

ನಾಯಿಗೆ ಓಲೆ ಅಂದ್ರೆ ಮೈಕ್ರೋಚಿಪ್. ಅಕ್ಕಿ ಕಾಳಿಗಿಂತ ಒಂಚೂರು ಉದ್ದ, ದಪ್ಪ ಸೂಜಿಯಿಂದ ಭುಜದ ಎರಡು ಮೂಳೆ ನಡುವೆ ಚರ್ಮದ ಕೆಳಗೆ ಬಿಡ್ತಾರೆ, ಸ್ಕ್ಯಾನರ್ ಹಿಡಿದ್ರೆ 15 ಅಂಕಿ ನಂಬರ್ ತೋರಿಸುತ್ತೆ. ಸುಮಾರು ಜನ ಇದನ್ನ ಜಿಪಿಎಸ್ ಅಂದ್ಕೊಂಡಿದ್ದಾರೆ, ನಾಯಿ ಕಳೆದೋದ್ರೆ ಫೋನಲ್ಲಿ ಹುಡುಕಬಹುದು ಅಂತ. ಹಾಗಿಲ್ಲ, ಅದರಲ್ಲಿ ಬ್ಯಾಟರಿನೇ ಇಲ್ಲ, ನಂಬರ್ ಮಾತ್ರ. ಚುಕ್ಕಿಗೆ ಹಾಕ್ಸಿದಾಗ 1,200 ಆಯ್ತು. ನಾನು ನೋಡಿದ ಪಾಲಿಸಿಗಳಲ್ಲಿ ಕೆಲವು ಚಿಪ್ ಇಲ್ದಿದ್ರೆ ಫೋಟೋ ಸಾಕು ಅಂತಿದ್ವು, ಆದ್ರೂ ಅಪ್ಪನ ಮಾತು ಕೇಳಿ ಮೊದಲು ಅದನ್ನೇ ಮಾಡ್ಸಿದೆ. ಚಿಪ್‌ನ ಬಾರ್‌ಕೋಡ್ ಸ್ಟಿಕ್ಕರ್ ಕೊಡ್ತಾರೆ, ಅದನ್ನ ವ್ಯಾಕ್ಸಿನ್ ಪುಸ್ತಕದ ಮೊದಲ ಪುಟಕ್ಕೆ ಅಂಟಿಸ್ಕೊಳ್ಳಿ.

ಪಾಲಿಸಿ ಹುಡುಕೋಕೆ ಕೂತೆ. ಸರ್ಕಾರಿ ಇನ್ಶೂರೆನ್ಸ್ ಕಂಪನಿಗಳಲ್ಲಿ ನಾಯಿ ಪಾಲಿಸಿ ಹಿಂದಿನಿಂದ್ಲೂ ಇದೆ, ಆದ್ರೆ ಅದು ಮುಖ್ಯವಾಗಿ ಹಸು ಪಾಲಿಸಿ ಥರಾನೇ, ಪ್ರಾಣಿ ಸತ್ರೆ ಅದರ ಬೆಲೆ ಕೊಡೋದು. 2020ರಲ್ಲಿ ಬಜಾಜ್ ಅಲಯನ್ಸ್ ನಾಯಿಗಳಿಗೆ ಅಂತ ಆಸ್ಪತ್ರೆ ಖರ್ಚಿನ ಪಾಲಿಸಿ ತಂತು, ಆಮೇಲೆ ಫ್ಯೂಚರ್ ಜನರಾಲಿ, ಡಿಜಿಟ್, ಎಚ್‌ಡಿಎಫ್‌ಸಿ ಅರ್ಗೋ ಎಲ್ಲ ಬಂದ್ವು. ನಾನು ಯಾವುದು ತಗೊಂಡೆ ಅಂತ ಹೇಳಲ್ಲ, ಯಾಕಂದ್ರೆ ನನ್ನ ನಾಯಿಗೆ ಸರಿಹೋಗಿದ್ದು ನಿಮ್ಮದಕ್ಕೆ ಹೋಗ್ಬೇಕು ಅಂತಿಲ್ಲ, ಮತ್ತೆ ಪಾಲಿಸಿ ಒಳಗಿನ ಷರತ್ತು ವರ್ಷ ವರ್ಷ ಬದಲಾಗುತ್ತೆ.

ಇಲ್ಲಿ ನಂಗೆ ಮೊದಲು ತಟ್ಟಿದ ವಿಷ್ಯ ಬೆಲೆದು. ಹಸುಗೆ ಇನ್ಶೂರೆನ್ಸ್ ಮಾಡುವಾಗ ಡಾಕ್ಟರು ಬಂದು ಎಷ್ಟನೇ ಕರು, ಎಷ್ಟು ಲೀಟರ್ ಹಾಲು ನೋಡಿ ಬೆಲೆ ಬರೀತಾರೆ. ನಾಯಿಗೂ ಸತ್ತಾಗ ಕೊಡೋ ದುಡ್ಡು, ಕಳೆದೋದ್ರೆ ಕೊಡೋ ದುಡ್ಡು ಅದರ ಮಾರ್ಕೆಟ್ ಬೆಲೆ ಮೇಲೆ, ಅದಕ್ಕೆ ಕೊಂಡ ರಸೀದಿ ಅಥವಾ ಪೆಡಿಗ್ರಿ ಸರ್ಟಿಫಿಕೇಟ್, ಅಂದ್ರೆ ತಳಿ ಯಾವುದು ಅನ್ನೋ ದಾಖಲೆ, ಕೇಳ್ತಾರೆ. ಚುಕ್ಕಿಗೆ ಎಲ್ಲಿದೆ ರಸೀದಿ. ಆನ್‌ಲೈನ್ ಫಾರಂನಲ್ಲಿ ತಳಿ ಆರಿಸೋ ಕಡೆ ಉದ್ದಕ್ಕೆ ಹೆಸರುಗಳಿವೆ, ಪಗ್ಗು, ಬೀಗಲ್, ಶಿಟ್ಜು, ನಮ್ಮ ಮುಧೋಳ ಕೂಡ ಒಂದರಲ್ಲಿ ಇತ್ತು, ಬೀದಿಯಿಂದ ಬಂದವಳಿಗೆ ಕೊನೇಲಿ ಮಿಕ್ಸ್ಡ್ ಅಂತ ಒಂದೇ ಜಾಗ. ನಾನು ಅದನ್ನ ಒತ್ತಿದಾಗ ಬೆಲೆ ಅನ್ನೋ ಕಾಲಂ ಸೊನ್ನೆ ಆಯ್ತು. ಸ್ವಲ್ಪ ಹೊತ್ತು ಸುಮ್ನೆ ನೋಡ್ತಾ ಕೂತಿದ್ದೆ, ಕಾಲ ಕೆಳಗೇ ಮಲಗಿದ್ಲು ಅವಳು. ಆದ್ರೆ ಯೋಚನೆ ಮಾಡಿದ್ರೆ ನಂಗೆ ಬೇಕಾಗಿದ್ದು ಆ ಕಾಲಂ ಅಲ್ಲವೇ ಅಲ್ಲ. ಸತ್ತ ಮೇಲೆ ಬರೋ ದುಡ್ಡು ತಗೊಂಡು ನಾನೇನ್ ಮಾಡ್ಲಿ. ಬದುಕಿಸೋಕೆ ದುಡ್ಡು ಬೇಕು, ಮತ್ತೆ ಆಪರೇಷನ್ ಟೇಬಲ್ ಮೇಲೆ ನಾಟಿಗೂ ಜರ್ಮನ್ ಶೆಫರ್ಡ್‌ಗೂ ಅದೇ ದಾರ, ಅದೇ ಅನಸ್ತೇಶಿಯಾ, ಅದೇ ಬಿಲ್. ಹಾಗಾಗಿ ಸಾವಿನ ಕವರ್, ಕಳ್ಳತನದ ಕವರ್ ಎಲ್ಲ ತೆಗೆದು ಹಾಕಿ ಆಸ್ಪತ್ರೆ ಮತ್ತು ಸರ್ಜರಿ ಭಾಗ ಮಾತ್ರ ದೊಡ್ಡದು ಮಾಡ್ಕೊಂಡೆ. ಬೇರೆಯವರಿಗೆ ಕಚ್ಚಿದ್ರೆ ಅವರ ಖರ್ಚಿಗೆ ಬರೋ ಥರ್ಡ್ ಪಾರ್ಟಿ ಕವರ್ ಇಟ್ಕೊಂಡೆ, ಅಪಾರ್ಟ್‌ಮೆಂಟಲ್ಲಿ ಮಕ್ಕಳಿರ್ತಾರೆ.

ಆಮೇಲೆ ನಾನು ಮಾಡಿದ ಒಂದು ಕೆಲಸ ತುಂಬ ಉಪಯೋಗಕ್ಕೆ ಬಂತು. ಪ್ರೀಮಿಯಂ ನೋಡೋದು ಬಿಟ್ಟು, ಟಿಕ್ ಫೀವರ್ ಬಿಲ್ಲುಗಳ ಕವರ್ ತಂದು ಮುಂದಿಟ್ಕೊಂಡು, ಪ್ರತಿ ಪಾಲಿಸಿ ಡಾಕ್ಯುಮೆಂಟ್ ತೆಗೆದು, ಈ ಪಾಲಿಸಿ ಆಗ ಇದ್ದಿದ್ರೆ ಈ ಬಿಲ್ಲಿಗೆ ಎಷ್ಟು ಬರ್ತಿತ್ತು ಅಂತ ಒಂದೊಂದೇ ಲೆಕ್ಕ ಹಾಕಿದೆ. ಕೇಳಿದ್ರೆ ಬೇಜಾರಾಗುತ್ತೆ, ನಾನು ಓದಿದ ಮೂರು ಬೇಸಿಕ್ ಪ್ಲಾನ್‌ನಲ್ಲೂ ಆ 19,160ಕ್ಕೆ ಬರ್ತಿದ್ದದ್ದು ಸೊನ್ನೆ. ಯಾಕಂದ್ರೆ ಅವು ಅಡ್ಮಿಟ್ ಆದ್ರೆ, ಸರ್ಜರಿ ಆದ್ರೆ ಕೊಡ್ತವೆ. ಚುಕ್ಕಿ ಅಡ್ಮಿಟ್ ಆಗಿರಲಿಲ್ಲ, ಬೆಳಗ್ಗೆ ಹೋಗಿ ಮಧ್ಯಾಹ್ನ ಬರ್ತಿದ್ಲು, ಅದೆಲ್ಲ ಓಪಿಡಿ. ಓಪಿಡಿ ಬೇಕಾದ್ರೆ ಆಡ್ ಆನ್ ತಗೋಬೇಕು, ಅದರ ಮಿತಿ ಸಣ್ಣದು, ಅದಕ್ಕೆ ಕಟ್ಟೋ ದುಡ್ಡು ನೋಡಿದ್ರೆ ಅಷ್ಟೇನೂ ಗಿಟ್ಟಲ್ಲ. ನಮ್ಮೂರಿನ ನಾಯಿಗಳಿಗೆ ಜಾಸ್ತಿ ಬರೋದು ಏನು, ಉಣ್ಣೆ ಜ್ವರ, ಚರ್ಮದ ಕೆರೆತ, ಕಿವಿ ಸೋಂಕು, ಭೇದಿ. ಇದೆಲ್ಲ ಓಪಿಡಿಲೇ ಮುಗಿಯುತ್ತೆ. ಅಂದ್ರೆ ದಿನನಿತ್ಯದ ಕಾಯಿಲೆಗೆ ಇನ್ಶೂರೆನ್ಸ್ ಅಲ್ಲ, ಅದಕ್ಕೆ ನನ್ನ ಜೇಬೇ. ಇನ್ಶೂರೆನ್ಸ್ ಇರೋದು ಆಕ್ಸಿಡೆಂಟು, ದೊಡ್ಡ ಆಪರೇಷನ್ನು, ಒಂದೇ ರಾತ್ರೀಲಿ 50 ಸಾವಿರ ಕೇಳೋ ಅಂಥದ್ದಕ್ಕೆ. ಇದು ಅರ್ಥ ಆದ್ಮೇಲೆ ನಂಗೆ ನಿರಾಳ ಆಯ್ತು. ಪೋಸ್ಟ್ ಆಫೀಸಲ್ಲಿ ತಿಂಗಳಿಗೆ 1,000 ರೂಪಾಯಿ ಆರ್‌ಡಿ ಶುರು ಮಾಡಿದೆ ಓಪಿಡಿಗೆ ಅಂತ, ಪಾಲಿಸಿ ಆಪರೇಷನ್ನಿಗೆ.

ಎಕ್ಸ್‌ಕ್ಲೂಷನ್, ಅಂದ್ರೆ ಯಾವುದಕ್ಕೆಲ್ಲ ದುಡ್ಡು ಕೊಡಲ್ಲ ಅನ್ನೋ ಪುಟಾನ ಎರಡು ಸಲ ಓದಿದೆ. ಮೊದಲೇ ಇದ್ದ ಕಾಯಿಲೆ ಇಲ್ಲ, ಹುಟ್ಟಿನಿಂದ ಬಂದದ್ದು ಇಲ್ಲ, ಬಸುರಿ ಬಾಣಂತಿ ಖರ್ಚಿಲ್ಲ, ಹಲ್ಲು ಕ್ಲೀನಿಂಗ್ ಇಲ್ಲ, ವ್ಯಾಕ್ಸಿನ್ ಹಾಕ್ಸದೇ ಪಾರ್ವೊ, ಡಿಸ್ಟೆಂಪರ್ ಅನ್ನೋ ವೈರಸ್ ಕಾಯಿಲೆ ಬಂದ್ರೆ ಇಲ್ಲ. ಪಾಲಿಸಿ ತಗೊಂಡ ಮೇಲೆ ಕಾಯಿಲೆಗೆ ಇಂತಿಷ್ಟು ದಿನ ವೇಟಿಂಗ್ ಪೀರಿಯಡ್, ಅಷ್ಟರೊಳಗೆ ಕಾಯಿಲೆ ಬಂದ್ರೆ ಕೊಡಲ್ಲ, ನನ್ನದರಲ್ಲಿ 30 ದಿನ. ವಯಸ್ಸಿನ ಮಿತಿ ಇದೆ, ದೊಡ್ಡ ತಳಿಗಳಿಗೆ ಇನ್ನೂ ಬೇಗ ಬಾಗಿಲು ಮುಚ್ಚುತ್ತೆ. ಪಕ್ಕದ ಬಿಲ್ಡಿಂಗ್ ಆಂಟಿ ಮನೆ ಲ್ಯಾಬ್‌ಗೆ ಒಂಬತ್ತು ವರ್ಷ, ಅವರು ನನ್ನ ಜೊತೆ ಕೂತು ಮೂರು ಕಡೆ ಪ್ರಯತ್ನ ಪಟ್ರು, ಮೂರು ಕಡೇನೂ ಆಗಲ್ಲ ಅಂತ ಬಂತು. ಇನ್ಶೂರೆನ್ಸ್ ಮಾಡ್ಸೋದಾದ್ರೆ ನಾಯಿ ಚೆನ್ನಾಗಿ ಕುಣೀತಿರೋವಾಗ್ಲೇ ಮಾಡ್ಸಿ.

ಫೋನಲ್ಲಿ ಮಾತಾಡಿದ ಏಜೆಂಟ್ ಒಬ್ರಿಗೆ ಟಿಕ್ ಫೀವರ್ ಬಂದಿತ್ತು ಅಂದೆ. "ಮೇಡಂ ಅದನ್ನ ಬರೀಬೇಡಿ, ಎಲ್ಲ ನಾಯಿಗೂ ಬರುತ್ತೆ, ಬರೆದ್ರೆ ಸುಮ್ನೆ ಲೇಟ್ ಆಗುತ್ತೆ" ಅಂದ್ರು. ಎರಡು ದಿನ ಯೋಚನೆ ಮಾಡಿದೆ, ಬರೆದೇ ಬಿಟ್ಟೆ, ತಿಂಗಳು, ಪ್ಲೇಟ್‌ಲೆಟ್ ಸಂಖ್ಯೆ, ಎಷ್ಟು ದಿನ ಮಾತ್ರೆ, ಎಲ್ಲ. ಅದಕ್ಕೆ ಸಂಬಂಧಪಟ್ಟ ಕಾಯಿಲೆ ಕವರ್ ಆಗಲ್ಲ ಅಂತ ಒಂದು ಸಾಲು ಸೇರಿಸಿ ಪಾಲಿಸಿ ಕೊಟ್ರು. 2023ರ ಡಿಸೆಂಬರ್, 60 ಸಾವಿರದ ಸರ್ಜರಿ ಕವರ್, 10% ಕೋ ಪೇ (ಒಪ್ಪಿದ ಬಿಲ್ಲಲ್ಲೂ ಅಷ್ಟು ಭಾಗ ನಾವೇ ಕಟ್ಕೊಳ್ಳೋದು), 18% ಜಿಎಸ್‌ಟಿ ಸೇರಿ 5,300 ಚಿಲ್ಲರೆ. ಮುಂದೆಯಿಂದ, ಎಡಗಡೆಯಿಂದ, ಬಲಗಡೆಯಿಂದ ಫೋಟೋ ಕೇಳಿದ್ರು, ಗುರುತಿನ ಜಾಗದಲ್ಲಿ ಹಿಂಗಾಲಿನ ಬಿಳಿ ಮಚ್ಚೆ ಬರೆದೆ.

2024ರ ಮೇ. ರಸಪುರಿ ಮಾವಿನಹಣ್ಣು ಸೀಸನ್. ಅಪ್ಪ ಒಂದು ಪೆಟ್ಟಿಗೆ ಕಳಿಸಿದ್ರು. ಸೀಕರಣೆ ಮಾಡಿ ವಾಟೆಗಳನ್ನ ಪೇಪರಲ್ಲಿ ಸುತ್ತಿ ಕಸದ ಡಬ್ಬಕ್ಕೆ ಹಾಕಿದ್ವಿ, ಡಬ್ಬದ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಭಾನುವಾರ ಸಂಜೆ ಚುಕ್ಕಿ ಒಂದ್ಸಲ ವಾಂತಿ ಮಾಡಿದ್ಲು, ಸೆಕೆಗೆ ಅಂದ್ಕೊಂಡ್ವಿ. ಸೋಮವಾರ ನಾಲ್ಕು ಸಲ, ನೀರು ಕುಡಿದ್ರೂ ವಾಂತಿ. ಮುಂಗಾಲು ನೆಲಕ್ಕೆ ಚಾಚಿ ಹಿಂದೆ ಎತ್ತಿ, ನಮಸ್ಕಾರ ಮಾಡೋ ಥರ ನಿಂತ್ಕೋತಿದ್ಲು, ಹೊಟ್ಟೆ ನೋವಿಗೆ ನಾಯಿ ಹಾಗೆ ನಿಲ್ಲುತ್ತಂತೆ. ರಾತ್ರಿ ಹನ್ನೊಂದಕ್ಕೆ 24 ಗಂಟೆ ತೆಗೆದಿರೋ ಒಂದು ಪ್ರೈವೇಟ್ ಆಸ್ಪತ್ರೆಗೆ ಓಡಿದ್ವಿ.

ಎಕ್ಸ್‌ರೇಲಿ ವಾಟೆ ಕಾಣಲಿಲ್ಲ, ಮೂಳೆ ಥರ ಅದು ಸ್ಪಷ್ಟವಾಗಿ ಬೀಳಲ್ಲ, ಆದ್ರೆ ಕರುಳು ಗಾಳಿ ತುಂಬಿ ಊದಿದ್ದು ಕಾಣ್ತಿತ್ತು. ಸ್ಕ್ಯಾನಿಂಗ್ ಮಾಡುವಾಗ ಡಾಕ್ಟರು ಪರದೆ ಮೇಲೆ ತೋರಿಸಿದ್ರು, ಒಂದು ಬಿಳಿ ಬಿಲ್ಲಿನ ಥರ ಗೆರೆ, ಅದರ ಕೆಳಗೆ ಕಪ್ಪು ನೆರಳು. "ಇದೇ ನೋಡಿ, ಸಣ್ಣ ಕರುಳಲ್ಲಿ ಸಿಕ್ಕಾಕ್ಕೊಂಡಿದೆ. ಬೆಳಗ್ಗೆವರೆಗೂ ಬಿಡೋದು ಬೇಡ" ಅಂದ್ರು. ನಾನು ಈ ಸಲ ಬೇಕೇ ಬೇಕಾ ಅಂತ ಕೇಳಲಿಲ್ಲ. ಮಾಡಿ ಡಾಕ್ಟ್ರೇ ಅಂದೆ, ಸೈನ್ ಹಾಕಿದೆ. ಕೈ ನಡುಗ್ತಿತ್ತು ಆದ್ರೆ ಅದು ದುಡ್ಡಿಗೆ ಅಲ್ಲ.

ರಾತ್ರಿ ಎರಡೂವರೆಗೆ ಹೊರಗೆ ಬಂದು ಒಂದು ಸ್ಟೀಲ್ ಬಟ್ಟಲಲ್ಲಿ ವಾಟೆ ತೋರಿಸಿದ್ರು, ನಾರೆಲ್ಲ ಕರಗಿ ನುಣ್ಣಗಾಗಿತ್ತು, ಒಂದು ತುದಿ ಮಾತ್ರ ಚೂಪು. ಕರುಳು ಇನ್ನೂ ಕೆಂಪಗಿದೆ, ಕಪ್ಪಾಗಿಲ್ಲ, ಕತ್ತರಿಸಿ ತೆಗೆಯೋ ಹಾಗೆ ಆಗಲಿಲ್ಲ, ಸೀಳಿ ತೆಗೆದು ಹೊಲಿದಿದ್ದೀವಿ ಅಂದ್ರು. ಮೂರರಿಂದ ಐದನೇ ದಿನ ಹುಷಾರಾಗಿರ್ಬೇಕು, ಹೊಲಿಗೆ ಬಿಟ್ಕೊಂಡ್ರೆ ಆಗಲೇ ಬಿಟ್ಕೊಳ್ಳೋದು ಅಂತ ಹೇಳಿದ್ರು. ಮೂರು ರಾತ್ರಿ ವಾರ್ಡಲ್ಲಿದ್ಲು. ಬರೋವಾಗ ಹೊಲಿಗೆ ನೆಕ್ಕದ ಹಾಗೆ ಕತ್ತಿಗೆ ಅಗಲದ ಕಾಲರ್ ಹಾಕಿ ಕಳಿಸಿದ್ರು, ಬಾಗಿಲಿಗೆಲ್ಲ ಡಿಕ್ಕಿ ಹೊಡ್ಕೊಂಡು ಓಡಾಡ್ತಿದ್ಲು, ನಾನು ಅವಳ ಪಕ್ಕದಲ್ಲೇ ಹಾಲ್‌ನಲ್ಲಿ ಚಾಪೆ ಹಾಕ್ಕೊಂಡು ಒಂದು ವಾರ ಮಲಗಿದೆ.

ಈಗ ಕ್ಲೇಮ್ ಕಥೆ. ಬೆಳಗ್ಗೆ ಆರಕ್ಕೇ ಕಂಪನಿಗೆ ಫೋನ್ ಮಾಡಿ ತಿಳಿಸಿದ್ದೆ, ಇಷ್ಟು ಗಂಟೆ ಒಳಗೆ ತಿಳಿಸ್ಬೇಕು ಅಂತ ಪಾಲಿಸಿಲಿ ಬರೆದಿರುತ್ತೆ, ಅದನ್ನ ಫ್ರಿಜ್ ಮೇಲೆ ಅಂಟಿಸಿಟ್ಟಿದ್ದೆ. ಕ್ಯಾಶ್‌ಲೆಸ್ ಇರಲಿಲ್ಲ, ಪೂರ್ತಿ ನಾವೇ ಕಟ್ಟಿ ಆಮೇಲೆ ವಾಪಸ್ ಕೇಳೋದು. ಇದನ್ನ ನೆನಪಿಟ್ಕೊಳ್ಳಿ, ಇನ್ಶೂರೆನ್ಸ್ ಇದ್ರೂ ಆ ರಾತ್ರಿ ಕೈಯಲ್ಲಿ ಅಥವಾ ಕಾರ್ಡಲ್ಲಿ ದುಡ್ಡು ಇರ್ಲೇಬೇಕು. ನಾವು ಅರ್ಧ ಯಜಮಾನರ ಕ್ರೆಡಿಟ್ ಕಾರ್ಡಲ್ಲಿ, ಅರ್ಧ ಆರ್‌ಡಿಗೂ ಮುಂಚೆ ಇದ್ದ ಉಳಿತಾಯದಲ್ಲಿ ಕಟ್ಟಿದ್ವಿ. ಸರ್ಜರಿ ಅನಸ್ತೇಶಿಯಾ 28,000, ವಾರ್ಡು 7,500, ಡ್ರಿಪ್ಪು ಔಷಧಿ 8,900, ಎಕ್ಸ್‌ರೇ ಸ್ಕ್ಯಾನಿಂಗ್ ರಕ್ತ ಪರೀಕ್ಷೆ ಸೇರಿ 6,400, ಎಮರ್ಜೆನ್ಸಿ ಕನ್ಸಲ್ಟೇಷನ್ 1,000, ಕಾಲರ್ ಮತ್ತೆ ಡಬ್ಬಿ ಊಟ 1,850, ಆಮೇಲೆ ಡ್ರೆಸ್ಸಿಂಗ್ ಹೊಲಿಗೆ ಬಿಚ್ಚೋದು 1,900. ಒಟ್ಟು 55,550.

ಕ್ಲೇಮ್ ಫಾರಂ, ಡಿಸ್ಚಾರ್ಜ್ ಸಮ್ಮರಿ, ಬಿಡಿಬಿಡಿಯಾಗಿ ಬರೆದ ಬಿಲ್ಲು, ಕಟ್ಟಿದ್ದಕ್ಕೆ ರಸೀದಿ, ಸ್ಕ್ಯಾನಿಂಗ್ ರಿಪೋರ್ಟ್, ಚಿಪ್ ನಂಬರ್ ಕಾಣೋ ಹಾಗೆ ಸ್ಕ್ಯಾನರ್ ಹಿಡಿದ ಫೋಟೋ, ವ್ಯಾಕ್ಸಿನ್ ಪುಸ್ತಕ. ಡಾಕ್ಟರ್ ಸೀಲ್‌ನಲ್ಲಿ ವೆಟರ್ನರಿ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಇರ್ಬೇಕು, ಒಂದು ಪ್ರಿಸ್ಕ್ರಿಪ್ಷನ್‌ನಲ್ಲಿ ಅದು ಇಲ್ಲ ಅಂತ ವಾಪಸ್ ಕಳಿಸಿದ್ರು, ಮತ್ತೆ ಹೋಗಿ ಹಾಕ್ಸಿಕೊಂಡು ಬಂದೆ. ಕಂಪನಿಯವರು ಆಸ್ಪತ್ರೆಯಿಂದ ಚುಕ್ಕಿ ಹಳೇ ರೆಕಾರ್ಡ್ ಕೂಡ ತರಿಸ್ಕೊಂಡ್ರು, ಅದರಲ್ಲಿ ಟಿಕ್ ಫೀವರ್ ಇತ್ತು, ನಾನು ಮೊದಲೇ ಬರೆದಿದ್ದೆ. ಅದನ್ನ ಮುಚ್ಚಿಟ್ಟಿದ್ರೆ ವಾಟೆಗೂ ಜ್ವರಕ್ಕೂ ಸಂಬಂಧ ಇಲ್ದಿದ್ರೂ ಅದೇ ನೆಪ ಆಗ್ತಿತ್ತು ಅಂತ ನಂಗೆ ಈಗ್ಲೂ ಅನ್ಸುತ್ತೆ.

ಸಿಕ್ಕಾಕ್ಕೊಂಡಿದ್ದು ರೇಬೀಸ್ ವ್ಯಾಕ್ಸಿನ್ ವಿಷಯಕ್ಕೆ. ಹಿಂದಿನ ಸೆಪ್ಟೆಂಬರ್ 28, ವಿಶ್ವ ರೇಬೀಸ್ ದಿನ, ಸರ್ಕಾರಿ ಪಶು ಆಸ್ಪತ್ರೆಲಿ ಉಚಿತ ಲಸಿಕೆ ಇತ್ತು, ಅಲ್ಲೇ ಹಾಕ್ಸಿದ್ದೆ. ಉದ್ದ ಕ್ಯೂ, ಗಲಾಟೆ, ಪುಸ್ತಕದಲ್ಲಿ ತಾರೀಖು ಬರೆದು ಸಹಿ ಹಾಕಿದ್ರು, ಬಾಟಲಿ ಸ್ಟಿಕ್ಕರ್ ಅಂಟಿಸಿರಲಿಲ್ಲ, ಸೀಲೂ ಇರಲಿಲ್ಲ. ಪಾಲಿಸಿ ಕೊಡುವಾಗ ಏನೂ ಅನ್ನಲಿಲ್ಲ, ಕ್ಲೇಮ್ ಹೊತ್ತಿಗೆ ವ್ಯಾಕ್ಸಿನ್ ದಾಖಲೆ ಅಪೂರ್ಣ ಅಂತ ಮೇಲ್ ಬಂತು. ಕರುಳಲ್ಲಿ ವಾಟೆ ಸಿಕ್ಕೊಂಡಿದ್ದಕ್ಕೂ ರೇಬೀಸ್ ಲಸಿಕೆಗೂ ಏನು ಸಂಬಂಧ ಅಂತ ನಂಗೆ ತುಂಬ ಸಿಟ್ಟು ಬಂತು, ಸಿಟ್ಟಲ್ಲೇ ಆ ಆಸ್ಪತ್ರೆಗೆ ಹೋದೆ. ಅಲ್ಲಿ ಡಾಕ್ಟರು ನನ್ನ ಮಾತು ಪೂರ್ತಿ ಕೇಳಿ, ಬೀರು ತೆಗೆದು ಉದ್ದದ ರಿಜಿಸ್ಟರ್ ಪುಸ್ತಕ ಹೊರಗೆ ಹಾಕಿದ್ರು. ಸೆಪ್ಟೆಂಬರ್ ಪುಟಗಳನ್ನ ಬೆರಳಿಟ್ಟು ಒಂದೊಂದೇ ಸಾಲು ನೋಡ್ತಾ ಹೋದ್ರು, ರಾಜ, ಟಾಮಿ, ಬ್ರೂನೋ, ಜಿಮ್ಮಿ, ಆಮೇಲೆ ನೀಲಿ ಶಾಯಿಲಿ "ಚುಕ್ಕಿ, ಹೆಣ್ಣು, ನಾಟಿ, 3 ವರ್ಷ" ಅಂತ ಇತ್ತು, ಪಕ್ಕದಲ್ಲಿ ಬ್ಯಾಚ್ ನಂಬರ್. "ಇದೆಯಲ್ಲಮ್ಮ, ಯಾಕೆ ಗಾಬರಿ" ಅಂತ ಅಲ್ಲೇ ಲೆಟರ್‌ಹೆಡ್ ಮೇಲೆ ಸರ್ಟಿಫಿಕೇಟ್ ಬರೆದು ದುಂಡು ಸೀಲ್ ಒತ್ತಿ ಕೊಟ್ರು. ನಂಗೆ ಅಲ್ಲೇ ಅಳು ಬಂತು. ಉಚಿತ ಕ್ಯಾಂಪಲ್ಲಿ ನೂರಾರು ನಾಯಿ ನಡುವೆ ನನ್ನ ನಾಯಿ ಹೆಸರನ್ನ ಯಾರೋ ಕೂತು ಸರಿಯಾಗಿ ಬರೆದಿಟ್ಟಿದ್ರು.

ಅದು ಕಳಿಸಿದ ಮೇಲೆ 39,960 ಮಂಜೂರಾಯ್ತು. ಕಾಲರ್, ಊಟ, ಡ್ರೆಸ್ಸಿಂಗ್, ಕನ್ಸಲ್ಟೇಷನ್ ಕೊಡಲ್ಲ ಅಂದ್ರು, ಅದು ಪಾಲಿಸಿಲಿ ಬರೆದಿತ್ತು, ಒಪ್ಕೊಂಡೆ. ಆದ್ರೆ 6,400ರ ಟೆಸ್ಟುಗಳನ್ನೂ ಓಪಿಡಿ ಅಂತ ತೆಗೆದಿದ್ರು. ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿದೆ, ಅಡ್ಮಿಷನ್ ಟೈಮ್ ಅಂತ ಬರೆದಿರಲೇ ಇಲ್ಲ, ತಾರೀಖು ಮಾತ್ರ. ಆಸ್ಪತ್ರೆಯವರ ಕೇಸ್ ಶೀಟ್‌ನಲ್ಲಿ ರಾತ್ರಿ 11:20ಕ್ಕೆ ಅಡ್ಮಿಟ್, 11:40ಕ್ಕೆ ಎಕ್ಸ್‌ರೇ ಅಂತ ಇತ್ತು. ಅದರ ಕಾಪಿ ಹಾಕಿ, ಪಾಲಿಸಿಯ ಯಾವ ಷರತ್ತಲ್ಲಿ ಅಡ್ಮಿಟ್ ಆದ್ಮೇಲಿನ ಟೆಸ್ಟ್ ಕೊಡ್ತೀವಿ ಅಂತ ಬರೆದಿದ್ದಾರೆ ಅನ್ನೋದನ್ನ ಸಾಲು ಸಮೇತ ಎತ್ತಿ ಬರೆದು, ಕಂಪನಿಯ ದೂರು ವಿಭಾಗಕ್ಕೆ ಗ್ರೀವೆನ್ಸ್ ಮೇಲ್ ಹಾಕಿದೆ. ಅಲ್ಲೂ ಆಗದಿದ್ರೆ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಅನ್ನೋ ದೂರಿನ ಪೋರ್ಟಲ್ ಇದೆ, ಅದಾದ ಮೇಲೆ ಇಂಥ ಜಗಳ ಬಗೆಹರಿಸೋ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಬೆಂಗಳೂರಲ್ಲೇ ಆಫೀಸ್ ಇದೆ, ಕಂಪನಿಗೆ ಬರೆದು ಒಂದು ತಿಂಗಳು ಕಾದು ಉತ್ತರ ಬರದಿದ್ರೂ ಹೋಗಬಹುದು, ಫೀಸ್ ಇಲ್ಲ, ವಕೀಲರೂ ಬೇಡ. ನಾನು ಅಲ್ಲಿವರೆಗೂ ಹೋಗೋ ಪ್ರಮೇಯ ಬರಲಿಲ್ಲ, ಹದಿನೆಂಟನೇ ದಿನಕ್ಕೆ 5,760 ಹೆಚ್ಚಿಗೆ ಬಂತು. ಒಟ್ಟು 45,720. ನಮ್ಮ ಕೈಯಿಂದ ಹೋಗಿದ್ದು 9,830.

ಇನ್ನೊಂದು ಮಾತು ಹೇಳ್ಬೇಕು. ಹೊಲಿಗೆ ಬಿಚ್ಚಿದ ಮೇಲೆ ಚುಕ್ಕಿಗೆ ಮತ್ತೊಂದ್ಸಲ ಸ್ಕ್ಯಾನಿಂಗ್ ಬೇಕಾಯ್ತು, ಈ ಸಲ ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಹೋದ್ವಿ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸ್ಬೇಕು, ಕಾಯ್ಬೇಕು, ಸುತ್ತ ಮೇಕೆ, ಹಸು, ಬೆಕ್ಕು, ಪಂಜರದಲ್ಲಿ ಗಿಳಿ. ಪ್ರೈವೇಟಲ್ಲಿ ಕೊಟ್ಟಿದ್ದರ ಕಾಲು ಭಾಗ ಕೂಡ ಆಗಲಿಲ್ಲ. ಓದ್ತಿರೋ ಹುಡುಗ ಹುಡುಗೀರು ಐದಾರು ಜನ ಸುತ್ತ ನಿಂತು ವಾಟೆ ಕಥೆ ಕೇಳಿದ್ರು, ಒಬ್ಳು ಹುಡುಗಿ ಚುಕ್ಕಿ ತಲೆ ಹಿಡ್ಕೊಂಡು ಕೊನೆವರೆಗೂ ಕಿವಿ ಸವರ್ತಾನೇ ಇದ್ಲು. ರಾತ್ರಿ ಹನ್ನೊಂದರ ಎಮರ್ಜೆನ್ಸಿ ಅಲ್ಲದೇ, ಪ್ಲಾನ್ ಮಾಡಿ ಮಾಡ್ಸೋ ಆಪರೇಷನ್ನು, ಟೆಸ್ಟು ಇದ್ರೆ ನಾನು ಇನ್ಮೇಲೆ ಮೊದಲು ಹೋಗೋದು ಅಲ್ಲಿಗೇ.

ಡಿಸೆಂಬರಲ್ಲಿ ಪಾಲಿಸಿ ರಿನ್ಯೂ ಮಾಡ್ಸಿದೆ, ಪ್ರೀಮಿಯಂ ಏಳುನೂರು ಜಾಸ್ತಿ ಆಗಿದೆ. ಸೆಪ್ಟೆಂಬರ್ ಲಸಿಕೆಗೆ ಸ್ಟಿಕ್ಕರ್ ಕೇಳಿ ಅಂಟಿಸ್ಕೊಂಡೆ, ಸೀಲೂ ಹಾಕ್ಸಿದೆ. ಕಸದ ಡಬ್ಬ ಈಗ ಕಾಲಲ್ಲಿ ಒತ್ತಿ ತೆಗೆಯೋ ಅಂಥದ್ದು, ಬಾಲ್ಕನಿ ಬಾಗಿಲ ಆಚೆ. ಚುಕ್ಕಿ ಹೊಟ್ಟೆ ಕೆಳಗೆ ಕೂದಲು ಬೆಳೆದು ಹೊಲಿಗೆ ಗುರುತು ಕಾಣಲ್ಲ, ಬೆರಳಿಟ್ರೆ ಸಣ್ಣ ಗಂಟು ಸಿಗುತ್ತೆ.

ಮೊನ್ನೆ ಅಪ್ಪ ಫೋನ್ ಮಾಡಿದ್ರು, ಹೊಸ ಕರುಗೆ ಓಲೆ ಹಾಕ್ಸಿದ್ದೀನಿ, ನಂಬರ್ ನನ್ನ ಕಣ್ಣಿಗೆ ಸರಿಯಾಗಿ ಕಾಣಲ್ಲ, ಫೋಟೋ ಕಳಿಸ್ತೀನಿ, ಎಲ್ಲಾದ್ರೂ ಭದ್ರವಾಗಿ ಬರೆದಿಟ್ಕೋ ಅಂದ್ರು. ಚುಕ್ಕಿ ಫೈಲಿನ ಕೊನೆ ಹಾಳೆಲಿ, ಅವಳ 15 ಅಂಕಿಯ ಕೆಳಗೆ, ಕರುವಿನ 12 ಅಂಕಿ ಬರ್ಕೊಂಡೆ.